ಕಲೆಯಾಗದ ಬಟ್ಟೆಗಳು

ನವೆಂಬರ್ ೧೨, ಬುಧವಾರ

ತಂಗಿಯ ಅತ್ತೆಯನ್ನು ಬೈಯಲೇಬೇಕೆಂದು ಇಂದು ಆಸ್ಪತ್ರೆಗೆ ಹೋಗಿದ್ದೆ. ಬೈಯದೆ ಬಂದೆ.

ತಂಗಿಯ ಮಗುವಿನ ಬಟ್ಟೆಗಳನ್ನು ಅವರೇ ಒಗೆಯುತ್ತಿದ್ದರು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. "ನಮ್ಮ ಪುಟ್ಟು ಎಷ್ಟು ಜಾಣ ನೋಡಿ, ಬಟ್ಟೆಗೊಂದು ಕಲೆನೂ ಮಾಡಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಪಿತ್ತ ಕರುಳಿಗೆ ಇಳಿಯದ ಮಗುವಿನ ಮಲ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಕಲೆ ಎಲ್ಲಿಂದ ಬರಬೇಕು? ಕಣ್ಣಿನ ಹಳದಿಗೆ ಎಳೆಬಿಸಿಲು ಸಾಕು ಎಂದುಕೊಂಡರು.

ವಾರದಿಂದ ಈ ಕಾಯಿಲೆಯ ಚರಿತ್ರೆ ಓದುತ್ತಿದ್ದೇನೆ. ಒಂದು ಕಾಲದಲ್ಲಿ ಹೊಟ್ಟೆ ಕೊಯ್ದು, ಪಿತ್ತನಾಳವೇ ಇಲ್ಲವೆಂದು ಕಂಡು, ಹಾಗೆಯೇ ಹೊಲಿದು ತಾಯಿಯ ಕೈಗೆ ಕೊಡುತ್ತಿದ್ದರಂತೆ. ಆಮೇಲೆ ಒಬ್ಬ ವೈದ್ಯ ಕರುಳನ್ನೇ ಮೇಲೆಳೆದು ಯಕೃತ್ತಿಗೆ ಜೋಡಿಸಿದ. ಪಿತ್ತ ಹರಿಯಿತು. ಉಳಿದ ದೇಶಗಳ ವೈದ್ಯರು ಅದನ್ನು ನಂಬಲು ವರ್ಷಗಟ್ಟಲೆ ತೆಗೆದುಕೊಂಡರು. ಈಗ ಎಲ್ಲರೂ ನಂಬುತ್ತಾರೆ, ಮಗು ಎರಡು ತಿಂಗಳೊಳಗೆ ಬಂದರೆ. ನಮ್ಮ ಮಗುವಿಗೆ ಐದು ತಿಂಗಳು ತುಂಬಿದೆ.

"ಆ ಆಪರೇಷನ್‌ಗೆ ತಡವಾಯ್ತಮ್ಮ. ಇನ್ನು ಯಾರಾದ್ರೂ ತಮ್ಮ ಲಿವರಿನ ತುಂಡು ಕೊಡಬೇಕು" ಎಂದರು ಡಾಕ್ಟರು.

ಅತ್ತೆಯನ್ನು ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ನನ್ನ ಕೈ ಹಿಸುಕಿದಳು. "ಬೇಡ ಕಣಕ್ಕಾ."

ಅತ್ತೆ ಎದ್ದು ನಿಂತರು. "ನಂದೇ ತಗೊಳ್ಳಿ. ಪೂರ್ತಿ ಬೇಕಾದ್ರೂ ತಗೊಳ್ಳಿ."

"ನಿಮಗೆ ವಯಸ್ಸಾಯ್ತು ತಾಯಿ, ಆಗಲ್ಲ."

"ಹಾಗಾದ್ರೆ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಅವರು ಕೇಳಿದ್ದು ಡಾಕ್ಟರನ್ನಲ್ಲ, ನನ್ನನ್ನು.

ಅವರನ್ನು ದ್ವೇಷಿಸುವ ಸುಖ ಕೈತಪ್ಪಿತು. ಲಿವರ್ ಹೊಂದುತ್ತದೆಯೇ ಎಂದು ನಾಳೆ ತಂಗಿಗೆ ಪರೀಕ್ಷೆಗಳು. ಅವಳದೂ ಹೊಂದದಿದ್ದರೆ…