ಚಿಪ್ಪು ತೆಗೆದ ಹೊತ್ತು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 5.10

ತೆಗೆದದ್ದು 4.10. ಹಾಕಿದ್ದು 5.05. ಎರಡನೇ ಜೊತೆ ಇವತ್ತಿಂದ. ಒಸಡನ್ನೆಲ್ಲ ಹಿಡಿದು ಹಿಂಡಿದ ಹಾಗಿದೆ. ಬ್ರೆಡ್ಡನ್ನು ಹಾಲಲ್ಲಿ ಅದ್ದಿ ನುಂಗಿದೆ, ಅಗಿಯಲಿಲ್ಲ.

ಹಲ್ಲಿನ ಡಾಕ್ಟರಮ್ಮ ಇದಕ್ಕೆ ಅಲೈನರ್ ಅಂತಾರೆ. ನನ್ನ ಬಾಯಿಗೆ ಚಿಪ್ಪು ಅನ್ನೋದೇ ಸಲೀಸು. ಮೇಲೊಂದು, ಕೆಳಗೊಂದು, ಗಾಜಿನ ಹಾಗೆ. ಹತ್ತು ದಿನಕ್ಕೊಂದು ಜೊತೆ, ಒಟ್ಟು ಹದಿನಾಲ್ಕು. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲೇ ಇರಬೇಕು. ತಿನ್ನೋಕೆ ತೆಗೀಬೇಕು, ಕುಡಿಯೋಕೆ ತೆಗೀಬೇಕು. ತಣ್ಣೀರಿಗೊಂದು ಮಾಫಿ. ತೆಗೆದ ಹೊತ್ತು, ಹಾಕಿದ ಹೊತ್ತು ಬರೆದಿಡಿ ಅಂದರು — ಅದಕ್ಕೇ ಈ ನೋಟ್‌ಬುಕ್. ಮಿಕ್ಕಿದ್ದು ನಾನಾಗಿ ಬರೀತಿರೋದು. ಯಾರು ಓದ್ತಾರೆ. ದೇವರಿಗೆ ಹೇಗೂ ಗೊತ್ತು.

ಐವತ್ತಕ್ಕೆ ಇದೇನು ಶೋಕಿ ಅಲ್ಲ. ಕೆಳಗಿನ ಹಲ್ಲು ಒಂದರ ಮೇಲೊಂದು ಹತ್ತಿ, ಮೇಲಿನ ಮುಂದಿನ ಹಲ್ಲನ್ನು ಗುದ್ದಿ ಗುದ್ದಿ ಸಡಿಲ ಮಾಡಿವೆ. ಹೀಗೇ ಬಿಟ್ಟರೆ ಅದು ಉದುರುತ್ತೆ. ಮಗಳು ತನ್ನ ಊರಿಂದ ಬಂದು ಹಟ ಹಿಡಿದು ಕರ್ಕೊಂಡು ಹೋದಳು. ಒಂದು ಸಲನಾದ್ರೂ ನಿನಗೋಸ್ಕರ ಏನಾದ್ರೂ ಮಾಡ್ಕೋ ಅಮ್ಮ ಅಂದಳು. ಖುಷಿ ಆಯ್ತು. ಸುಳ್ಳು ಯಾಕೆ.

ಬಸ್ಸಿಗೆ ಹೊತ್ತಾಯ್ತು.

ಮಾರ್ಚ್ 5, ಗುರುವಾರ

ಆಸ್ಪತ್ರೆ ಲಾಂಡ್ರಿ. ನನ್ನದು ಇಸ್ತ್ರಿ ಸೆಕ್ಷನ್. ಇವತ್ತು ಬೆಡ್‌ಶೀಟಿನ ಗುಡ್ಡ. ಹತ್ತು ಗಂಟೆಗೆ ಟೀ ಬಂತು, ನಾನು ಮುಟ್ಟಲಿಲ್ಲ. ತೆಗೀಬೇಕು, ಕುಡೀಬೇಕು, ಬಾಯಿ ತೊಳೀಬೇಕು, ಬ್ರಷ್ ಮಾಡಬೇಕು, ಮತ್ತೆ ಹಾಕಬೇಕು... ಹತ್ತು ನಿಮಿಷದ ಬ್ರೇಕಲ್ಲಿ ಯಾವುದಾಗುತ್ತೆ.

ಪಕ್ಕದ ಟೇಬಲ್ಲಿನವಳನ್ನು ನಾವೆಲ್ಲ ಪಟಾಕಿ ಅಂತೀವಿ. ಸುಮ್ಮನಿರ್ತಾಳಾ.

"ಏನಕ್ಕಾ, ಟೀ ಬಿಟ್ಟು ಸನ್ಯಾಸ ತಗೊಂಡ್ಯಾ?"

"ಬಾಯಿಗೆ ಬೀಗ ಹಾಕಿದ್ದಾರೆ ಕಣೆ."

"ನಿಂಗಾ? ಯಾರವ್ವ ಆ ಪುಣ್ಯಾತ್ಗಿತ್ತಿ? ನಮ್ಮತ್ತೆಗೂ ಒಂದು ಹಾಕಿಸ್ತೀನಿ, ಅಡ್ರೆಸ್ ಕೊಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಟೀ ವಾಸನೆ ಬ್ರೇಕ್ ಮುಗಿದ ಮೇಲೂ ಮೂಗಲ್ಲೇ ಇತ್ತು. ಬೆಳಿಗ್ಗೆ ಐದರಿಂದ ನಿಂತ ಕಾಲು. ಒಂದು ಲೋಟ ಬಿಸಿ ಟೀಗೆ ಈ ಪಾಟಿ ಆಸೆ ಬರುತ್ತೆ ಅಂತ ಗೊತ್ತಿರಲಿಲ್ಲ.

ಮಾರ್ಚ್ 9, ಸೋಮವಾರ

ಬೆಳಿಗ್ಗೆ 4.10–5.05. ಮಧ್ಯಾಹ್ನ 2.00–3.30. ಸಂಜೆ 6.45–8.20. ಕೂಡಿದ್ರೆ ನಾಲ್ಕು ಗಂಟೆ. ಇರಬೇಕಾದ್ದು ಎರಡು.

ತಪ್ಪು ನಂದಲ್ಲ. ಅತ್ತೆದೂ ಅಲ್ಲ. ಅವರಿಗೆ ನೆನಪು ಹೋಗಿ ಎರಡು ವರ್ಷ. ಮಗನನ್ನು ಅಣ್ಣ ಅಂತಾರೆ, ನನ್ನನ್ನು ಒಮ್ಮೊಮ್ಮೆ ನರ್ಸಮ್ಮ ಅಂತಾರೆ. ಆದರೆ ಮುಂದೆ ಬಟ್ಟಲಿಟ್ಟರೆ ನನ್ನ ಕಡೆ ತಳ್ತಾರೆ.

"ಮೊದಲು ನೀನು."

"ನಂದಾಯ್ತು ಅತ್ತೆ."

"ಎಲ್ಲಿ? ನಾನು ನೋಡಿಲ್ಲ."

ಬಾಯಿ ಬಿಗಿ. ಮಗ ತಿನ್ನಿಸಿದ್ರೂ ಇಲ್ಲ, ಪಕ್ಕದ ಮನೆಯವರು ತಿನ್ನಿಸಿದ್ರೂ ಇಲ್ಲ. ನಾನು ಒಂದು ತುತ್ತು ಬಾಯಿಗಿಟ್ಟರೆ ಅವರೊಂದು ತುತ್ತು. ನಾನು ನಿಲ್ಲಿಸಿದ್ರೆ ಅವರೂ ನಿಲ್ಲಿಸ್ತಾರೆ. ಒಂದು ಬಟ್ಟಲು ಗಂಜಿಗೆ ಒಂದು ಗಂಟೆ. ನಾನು ಕಾಳು ಕಾಳಾಗಿ ತಿಂತಾ ಕೂರಬೇಕು, ಚಿಪ್ಪು ಡಬ್ಬಿಯಲ್ಲಿ.

ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ. ಎಲ್ಲರದೂ ಆದಮೇಲೆ ಅಡುಗೆಮನೆ ಕಟ್ಟೆಗೆ ಒರಗಿ, ತಳ ಹಿಡಿದದ್ದು, ತಣ್ಣಗಾದದ್ದು ತಿಂದವಳು ನಾನು. ಆಗ ಒಂದು ದಿನ "ಮೊದಲು ನೀನು" ಅಂದಿದ್ರೆ... ದೇವರೇ ಕ್ಷಮಿಸು. ಸುಸ್ತಾಗಿದೆ, ಅದಕ್ಕೇ ಬರೀತಿದ್ದೀನಿ.

ಮಾರ್ಚ್ 13, ಶುಕ್ರವಾರ

ಮೂರನೇ ಜೊತೆಗೆ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರಮ್ಮ ಚಿಕ್ಕ ಹುಡುಗಿ, ಮಾತು ಬಲು ನೇರ.

"ಇಪ್ಪತ್ತೆರಡು ಗಂಟೆ ಹಾಕ್ತಿದ್ದೀರಾ ಅಮ್ಮ?"

"ಹೂಂ."

ನೋಟ್‌ಬುಕ್ ಬ್ಯಾಗಲ್ಲೇ ಇತ್ತು. ಕೇಳಲಿಲ್ಲ, ನಾನೂ ತೆಗೀಲಿಲ್ಲ. ಹೊಸದನ್ನು ಹಾಕಿ ಒತ್ತಿದರು. ಪೂರ್ತಿ ಕೂರಲಿಲ್ಲ, ಮುಂದಿನ ಹಲ್ಲಿನ ತುದಿಗೆ ಕೂದಲೆಳೆ ಜಾಗ. "ನೋಡೋಣ, ಚೆನ್ನಾಗಿ ಕಚ್ಚಿ ಹಿಡೀರಿ" ಅಂದರು.

ದಿನಾ ಎರಡು ಹೊತ್ತು ಪ್ರಾರ್ಥನೆ ಮಾಡೋ ಬಾಯಿ. ಎರಡಕ್ಷರದ ಸುಳ್ಳೂ ಅಲ್ಲ, ಒಂದಕ್ಷರದ್ದು.

ಮಾರ್ಚ್ 16, ಸೋಮವಾರ. ಸಂಜೆ

ಉಪಾಯ ಮಾಡಿದ್ದೆ. ವಾರಕ್ಕೊಂದು ದಿನ ಉಪವಾಸ. ಆ ದಿನ ಚಿಪ್ಪು ಪೂರ್ತಿ ಇಪ್ಪತ್ನಾಲ್ಕು ಗಂಟೆ ಬಾಯಲ್ಲಿರುತ್ತೆ, ಬಾಕಿ ಗಂಟೆ ಸ್ವಲ್ಪನಾದ್ರೂ ತೀರುತ್ತೆ. ದೇವರಿಗೂ ಸಂದಿತು, ಹಲ್ಲಿಗೂ ಸಂದಿತು.

ಬೆಳಿಗ್ಗೆ ಅತ್ತೆ ಎದುರು ಬರಿಗೈಯನ್ನು ಬಾಯಿಗೆ ಒಯ್ದು ಅಗಿಯೋ ಹಾಗೆ ಮಾಡಿದೆ. ಎರಡು ತುತ್ತು ತಿಂದರು. ಮೂರನೇದಕ್ಕೆ ನನ್ನ ಗದ್ದ ಹಿಡಿದರು.

"ಬಾಯಿ ತೆಗಿ."

ಮಗು ಹಾಗೆ ತೆಗೆದೆ. ಬೆರಳಿಂದ ಚಿಪ್ಪನ್ನು ಟಕ್ ಟಕ್ ಅಂತ ಬಡಿದು ನೋಡಿದರು.

"ಅಯ್ಯೋ, ಪ್ಲಾಸ್ಟಿಕ್ ತಿಂತಿದ್ದೀಯಲ್ಲೇ! ಈ ಮನೇಲಿ ಅನ್ನಕ್ಕೆ ಬರ ಬಂತಾ?"

ನಗು ಬಂತು ನನಗೆ. ಅವರಿಗೆ ಬರಲಿಲ್ಲ. ಬಟ್ಟಲು ತಳ್ಳಿದರು. ಮಧ್ಯಾಹ್ನವೂ ತಳ್ಳಿದರು. ಈಗಲೂ. ನೀರು ಸಹ ಬೇಡ. ಒಂದೇ ದಿನ ತಾನೇ, ನಾಳೆ ಸರಿಹೋಗುತ್ತೆ ಅಂದ್ಕೊಂಡಿದ್ದೀನಿ. ಉಪವಾಸ ಅಂತ ಹಿಡಿದ ಮೇಲೆ ಮುರಿಯೋದು ಹೇಗೆ.

ಮಾರ್ಚ್ 17

ಅತ್ತೆ ಬಚ್ಚಲ ಬಾಗಿಲಲ್ಲಿ ಕುಸಿದರು. ಆಸ್ಪತ್ರೆ. ಡ್ರಿಪ್.

ಮಾರ್ಚ್ 29, ಭಾನುವಾರ

ಹನ್ನೆರಡು ದಿನ ಬರೆದಿಲ್ಲ. ಗಂಟೆಯೂ ಬರೆದಿಲ್ಲ. ಆಸ್ಪತ್ರೆಯಲ್ಲಿ ಚಿಪ್ಪು ಯಾವಾಗ ತೆಗೆದೆ, ಯಾವಾಗ ಹಾಕಿದೆ, ಒಂದೂ ನೆನಪಿಲ್ಲ. ಎರಡು ದಿನ ಟಿಶ್ಯೂನಲ್ಲಿ ಸುತ್ತಿ ಬ್ಯಾಗಲ್ಲೇ ಇತ್ತು.

ಮನೆಗೆ ಕರ್ಕೊಂಡು ಬಂದು ನಾಲ್ಕು ದಿನ. ಕೈ ಹಿಡಿದರೆ ಬರೀ ಎಲುಬು. ಮೈಯಲ್ಲಿ ನೀರಿನಂಶವೇ ಇರಲಿಲ್ಲವಂತೆ. ಈ ವಯಸ್ಸಿಗೆ ಒಂದು ದಿನ ಅಂದ್ರೆ ಒಂದು ದಿನ ಅಲ್ಲಮ್ಮ ಅಂದಳು ನರ್ಸು.

ಯಜಮಾನರಿಗೆ ಎಲ್ಲ ಹೇಳಿದೆ. ಬಸ್ ಡಿಪೋ ಮೆಕ್ಯಾನಿಕ್ಕು, ಏನಿದ್ರೂ ಬಿಚ್ಚಿ ನೋಡಬೇಕು. ಚಿಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಇದೊಂದು ಇಷ್ಟು ಕೆಲಸ ಕೊಡ್ತಾ? ಬಿಟ್ಟಾಕು ಅತ್ಲಾಗೆ. ಹಲ್ಲು ಹೋದ್ರೆ ಕಟ್ಟಿಸ್ಕೊಂಡ್ರಾಯ್ತು."

"ನಿಮ್ಮ ಹಲ್ಲಾಗಿದ್ರೆ?"

ಚಿಪ್ಪನ್ನು ಡಬ್ಬಿಗೆ ಹಾಕಿ ಮುಚ್ಚಿ ಕೊಟ್ಟರು. ಇಷ್ಟು ವರ್ಷಕ್ಕೆ ಆ ಮಾತು ಬಾಯಿಂದ ಬಂದದ್ದು ನನಗೇ ಆಶ್ಚರ್ಯ.

ಏಪ್ರಿಲ್ 2, ಗುರುವಾರ

ಕ್ಲಿನಿಕ್. ಮೂರನೇ ಜೊತೆ ಕೂರೋದೇ ಇಲ್ಲ. ನೋಟ್‌ಬುಕ್ ತೆಗೆದು ಮುಂದಿಟ್ಟೆ. ಅವತ್ತು ಹೂಂ ಅಂದದ್ದು ಸುಳ್ಳು ಅಂದೆ. ಅತ್ತೆ ವಿಷಯ, ಉಪವಾಸ, ಎಲ್ಲ.

ಬೈತಾರೆ ಅಂದ್ಕೊಂಡಿದ್ದೆ. ಗಂಟೆ ಬರೆದ ಸಾಲಿನ ಮೇಲೆ ಬೆರಳಾಡಿಸ್ತಾ ಕೂತರು.

"ಇವತ್ತಿನ ಹಸಿವನ್ನ ನಾಳೆ ಊಟದಲ್ಲಿ ತೀರಿಸಬಹುದು ಅಮ್ಮ. ಹಲ್ಲು ಹಾಗಲ್ಲ. ಒಂದು ದಿನ ಎಳೆದು ಆರು ದಿನ ಬಿಟ್ಟರೆ ಹಿಂದಕ್ಕೇ ಹೋಗುತ್ತೆ. ಈ ಹಲ್ಲು ಮೊದಲೇ ಅಲ್ಲಾಡ್ತಿದೆ, ಹಿಂದೆ ಮುಂದೆ ಎಳೆದಾಡಿದ್ರೆ ಬೇಗ ಬೀಳುತ್ತೆ. ಮಾಡಿದ್ರೆ ಸರಿಯಾಗಿ, ಇಲ್ಲಾಂದ್ರೆ ನಿಲ್ಲಿಸೋಣ. ಅರ್ಧಂಬರ್ಧ ಬೇಡ."

ಎರಡನೇ ಜೊತೆಯನ್ನೇ ಮತ್ತೆ ಹಾಕಿ ಕಳಿಸಿದ್ದಾರೆ. ಸೋಮವಾರ ಹೇಳಬೇಕು, ಹೂಂ ಅಥವಾ ಊಹೂಂ. ಮಗಳಿಗೆ ಫೋನ್ ಮಾಡಲಿಲ್ಲ. ಅಳ್ತಾಳೆ.

ನನಗೆ ಆ ಹಲ್ಲು ಬೇಕು. ಅಷ್ಟೇ. ದೇವರ ಹತ್ತಿರ ಮುಚ್ಚಿಡೋದೇನು.

ಏಪ್ರಿಲ್ 5, ಭಾನುವಾರ. ಮಧ್ಯಾಹ್ನ

ಇವರಿಗೆ ರಜೆ. ಅಮ್ಮನಿಗೆ ತಾವೇ ತಿನ್ನಿಸ್ತೀನಿ ಅಂತ ಕೂತರು. ಮೂರು ಸಲ ಬಟ್ಟಲು ತಳ್ಳಿಸ್ಕೊಂಡು ಎದ್ದರು. ನಾನು ಹೋಗಿ ಕೂತೆ. ಚಿಪ್ಪು ತೆಗೀಲಿಲ್ಲ. ಕೈಯೇ ಬರಲಿಲ್ಲ.

ಅತ್ತೆ ನನ್ನನ್ನು ಗುರುತು ಹಿಡೀಲಿಲ್ಲ.

"ನರ್ಸಮ್ಮಾ, ಆ ಹುಡುಗಿ ಉಂಡಳಾ?"

"ಯಾವ ಹುಡುಗಿ ಅಜ್ಜಿ?"

"ನನ್ನ ಸೊಸೆ. ಒಳಗಿದ್ದಾಳೆ ನೋಡು. ಕಟ್ಟೆಗೆ ಒರಗಿ ನಿಂತ್ಕೊಂಡೇ ತಿಂತಾಳೆ, ಆರಿದ್ದು. ನನಗೆ ಕಾಣುತ್ತೆ."

"ಕಂಡ್ರೆ... ಕೂರು ಅನ್ನಬೇಕಿತ್ತು."

ಬಟ್ಟಲನ್ನು ಬೆರಳಿಂದ ಅತ್ತ ಸರಿಸಿದರು.

"ನನಗೂ ಯಾರೂ ಅನ್ನಲಿಲ್ಲವಲ್ಲ" ಅಂದರು. ಆಮೇಲೆ, "ಕರಿ ಅವಳನ್ನ. ಮೊದಲು ಅವಳು ಕೂತು ಉಣ್ಣಲಿ. ಹೊಟ್ಟೆ ತುಂಬ. ಆಮೇಲೆ ನಂದು."

ಎದ್ದು ಒಳಗೆ ಹೋದೆ. ನಲ್ಲಿ ಬಿಟ್ಟು ನಿಂತೆ. ಇವರು ಬಾಗಿಲ ತನಕ ಬಂದು ಹಾಗೇ ವಾಪಸ್ ಹೋದರು. ಆಮೇಲೆ ಎಂದಿನ ಹಾಗೆ ಚಿಪ್ಪು ತೆಗೆದು, ತುತ್ತಿಗೆ ತುತ್ತು. 1.50–3.15.

ಈಗ ಹಾಸಿಗೆ ಮೇಲೆ ಕೂತು ಯೋಚಿಸ್ತಿದ್ದೀನಿ. ಮೊದಲು ಅವಳು, ಆಮೇಲೆ ನಂದು. ಎರಡು ವರ್ಷದಿಂದ ಅವರು ಹೇಳ್ತಿರೋದೇ ಅದು — ಮೊದಲು ನೀನು. ನಾನು ಜೊತೆಗೆ ತಿಂದೆ, ನಟನೆ ಮಾಡಿದೆ, ಉಪವಾಸ ಬಿದ್ದೆ. ಅವರ ಕಣ್ಮುಂದೆ ಕೂತು ನನ್ನ ಊಟ ಪೂರ್ತಿ ಮುಗಿಸಿ, ಚಿಪ್ಪು ಹಾಕ್ಕೊಂಡು, ಆಮೇಲೆ ಅವರಿಗೆ ತಿನ್ನಿಸಬಹುದು ಅನ್ನೋದು ತಲೆಗೇ ಬರಲಿಲ್ಲ. ಹೇಗೆ ಬರಬೇಕು. ಎಲ್ಲರಿಗಿಂತ ಮೊದಲು ಉಂಡು ಗೊತ್ತಿದ್ರೆ ತಾನೇ.

ಒಬ್ಬಳೇ ಉಂಡರೆ ಕಾಲು ಗಂಟೆ ಸಾಕು.

ಅದೇ ದಿನ. ಸಂಜೆ

ತೆಗೆದದ್ದು 6.40.

ತಟ್ಟೆ ಇವರೇ ಹಾಕಿದರು. ಅನ್ನ, ಸೊಪ್ಪು, ಒಂದು ಮೊಟ್ಟೆ. ಕುರ್ಚಿಯನ್ನೂ ಎಳೆದು ಕೊಟ್ಟರು, ಮುಖ ನೋಡಲಿಲ್ಲ. ಅತ್ತೆ ಎದುರಿಗೇ ಕೂತಿದ್ದಾರೆ, ಮಡಿಲಲ್ಲಿ ಕೈ ಇಟ್ಕೊಂಡು. ಅವರ ಬಟ್ಟಲು ಮುಚ್ಚಿಟ್ಟಿದೆ. ಕೇಳಲಿಲ್ಲ, ತಳ್ಳಲಿಲ್ಲ. ಕಾಯ್ತಾ ಇದ್ದಾರೆ.

"ಬರೆದದ್ದು ಸಾಕು, ಉಣ್ಣೇ. ಆರುತ್ತೆ" ಅಂತಿದ್ದಾರೆ ಅತ್ತೆ.

ಹಬೆ ಏಳ್ತಾ ಇದೆ. ಗಡಿಯಾರದಲ್ಲಿ 6.50. ಹತ್ತು ನಿಮಿಷ ಆಯ್ತು, ಇನ್ನೂ ಒಂದು ತುತ್ತೂ—