ಎದೆಯ ಮೇಲಿನ ಪಟ್ಟೆ

ಮಾರ್ಚ್ ೧೧, ಮಂಗಳವಾರ

ಎಡಕ್ಕೆ ಹೊರಳಿದರೆ ಎದೆ ನೋಯುತ್ತದೆ, ಬಲಕ್ಕೆ ಹೊರಳಿದರೆ ಆ ದರ್ಜಿಯ ಮುಖ ಕಾಣುತ್ತದೆ. ತಿರುವಿನಲ್ಲಿ ಅವನ ಪುಟ್ಟ ಕಾರಿಗೂ ನನ್ನದಕ್ಕೂ ಡಿಕ್ಕಿಯಾಗಿ ವಾರವಾಯಿತು. ತಪ್ಪು ಇಬ್ಬರದೂ ಅಲ್ಲವಂತೆ, ರಸ್ತೆಗೆ ಚೆಲ್ಲಿದ್ದ ಎಣ್ಣೆಯದಂತೆ.

"ಅಷ್ಟು ದುಡ್ಡು ಕೊಟ್ಟು ವೋಲ್ವೊ ಕಾರು ತಗೊಂಡಿದ್ದು ಸಾರ್ಥಕ ಆಯ್ತು ಬಿಡಿ," ಎಂದು ಬಂದವರೆಲ್ಲ ಬೆನ್ನು ತಟ್ಟುತ್ತಾರೆ. ನಾನು ಪರೀಕ್ಷೆ ಪಾಸಾದವನಂತೆ ಹಲ್ಲು ಕಿರಿಯುತ್ತೇನೆ. ಥೂ.

ಇಂದು ಆಸ್ಪತ್ರೆಗೆ ಹೋದೆ. ದರ್ಜಿಯ ಎರಡೂ ಕಾಲು ಪ್ಲಾಸ್ಟರಿನಲ್ಲಿವೆ. ಅವನ ಹೆಂಡತಿ ಕುರ್ಚಿ ಬಿಟ್ಟುಕೊಟ್ಟು, "ನಿಮಗೇನೂ ಆಗ್ಲಿಲ್ವಲ್ಲ, ಪುಣ್ಯ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಮಿಷನ್ ತುಳಿಯೋ ಹಾಗಿಲ್ಲ ಸಾರ್," ಎಂದು ಅವನು ನಕ್ಕ.

ನರ್ಸ್ ಅವನ ಅಂಗಿ ಬದಲಿಸುವಾಗ ಕಂಡಿತು: ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ, ನನ್ನ ಮೈಮೇಲಿರುವಂಥದೇ ನೀಲಿ ಪಟ್ಟೆ, ಸೀಟ್ ಬೆಲ್ಟ್ ಒತ್ತಿದ ಗುರುತು. ಮೂರು ಕಡೆ ಹಿಡಿಯುವ ಆ ಬೆಲ್ಟನ್ನು ಮೊದಲು ಕಾರಿಗೆ ತಂದವರು ನನ್ನ ಕಾರು ಮಾಡುವ ಸ್ವೀಡನ್ನಿನವರೇ. ಪೇಟೆಂಟ್ ಬಚ್ಚಿಟ್ಟುಕೊಳ್ಳದೆ ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟರು. ಈ ಕಥೆಯನ್ನು ಊಟಕ್ಕೆ ಬಂದವರಿಗೆಲ್ಲ ಕೊರೆದಿದ್ದೇನೆ.

ಬೆಲ್ಟ್ ಅವನಿಗೂ ಸಿಕ್ಕಿತು, ಜೀವ ಉಳಿಯಿತು. ಕಾಲು ಕಾಯುವ ಉಕ್ಕನ್ನು ಮಾತ್ರ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು.

ಸಂಜೆ ಶೋರೂಮಿನವನು ಫೋನ್ ಮಾಡಿದ, ಹೊಸ ಕಾರು ಯಾವ ಬಣ್ಣದ್ದು ಬೇಕೆಂದು. ಬೇಡ ಎನ್ನಲು ಬಾಯಿ ತೆರೆದೆ. ಮೊದಲಿನ ಬಣ್ಣವೇ ಇರಲಿ ಎಂದುಬಿಟ್ಟೆ.