ನರ್ಸ್ ತಲುಪಿಸಿದ ಮಾತು

ಇವಳೇ,

ನಗಬೇಡ, ಇವತ್ತು ಮೊಮ್ಮಗಳಿಗೆ ಇಂಗ್ಲಿಷ್ ಹೇಳಿಕೊಟ್ಟೆ. ಒಬ್ಬರ ಮಾತನ್ನು ಇನ್ನೊಬ್ಬರು ತಲುಪಿಸುವಾಗ ‘ಐ’ ಹೋಗಿ ‘ಶಿ’ ಬರುತ್ತದೆ, ‘ಮೈ’ ಹೋಗಿ ‘ಹರ್’. ಕಾಲೇಜಿನದು ಅಷ್ಟೇ ಉಳಿದಿರುವುದು.

“ಈಗ ಉಲ್ಟಾ ಮಾಡ್ತೀನಿ, ಒಂದು ಕೊಡು ತಾತ,” ಎಂದಳು.

ಬಾಯಿಗೆ ಬಂದದ್ದು ಆಸ್ಪತ್ರೆಯಲ್ಲಿ ನರ್ಸ್ ನನಗೆ ಹೇಳಿದ ನಿನ್ನ ಕೊನೆಯ ಮಾತು: ಶಿ ಆಸ್ಕ್ಡ್ ವೇರ್ ಹರ್ ಹಸ್ಬೆಂಡ್ ವಾಸ್. ನಾನಾಗ ಕೆಳಗೆ ಕ್ಯಾಂಟೀನಿನಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದೆ.

ಪೆನ್ಸಿಲ್ ಕಚ್ಚಿ, ಬರೆದು, ಗಟ್ಟಿಯಾಗಿ ಓದಿದಳು: “ವೇರ್ ಈಸ್ ಮೈ ಹಸ್ಬೆಂಡ್?”

ನಾಲ್ಕು ವರ್ಷ ಅದು ನರ್ಸಿನ ದನಿಯಲ್ಲೇ ಇತ್ತು ಕಣೇ.

“ಇಲ್ಲೇ ಇದೀನಿ,” ಎಂದುಬಿಟ್ಟೆ.

“ಅದು ಕಾಣ್ತಾ ಇದೆ ತಾತ. ಉತ್ತರ ಸರಿನಾ ಹೇಳು,” ಎಂದು ಗದರಿದಳು.

ಸರಿ ಎಂದು ಗುರುತು ಹಾಕಿದೆ.